ಗೇರ್ ಇಳಿಸುವಾಗ ಕಾರು ಮುಗ್ಗರಿಸುತ್ತಿದೆಯೇ? ಘಾಟಿಗೆ ಹೊರಡುವ ಮುನ್ನ ಪತ್ತೆ ಮಾಡಿಕೊಳ್ಳಿ

ಮೂರರಿಂದ ಎರಡಕ್ಕೆ ಹಾಕಿ ಕ್ಲಚ್ ಬಿಟ್ಟ ಕೂಡಲೇ ಕಾರು ಮೂತಿ ಕುಕ್ಕುತ್ತದೆ, ಹಿಂದೆ ಕೂತವರು ಮುಂದಿನ ಸೀಟು ಹಿಡಿದುಕೊಳ್ಳುತ್ತಾರೆ. ಕೊಡಗಿನಲ್ಲಿ ಕಾರು ಇಟ್ಟುಕೊಂಡವರಿಂದ ಪದೇ ಪದೇ ಕೇಳುವ ದೂರು ಇದು. ಬಯಲುಸೀಮೆಯಲ್ಲಿ ಇಡೀ ದಿನ ಓಡಿಸಿದರೂ ಬೀಳದಷ್ಟು ಗೇರ್ ಇಲ್ಲಿ ಮಡಿಕೇರಿಯಿಂದ ಮೇಕೇರಿ ಮುಟ್ಟುವಷ್ಟರಲ್ಲಿ ಬೀಳುತ್ತದೆ. ಹಾಗಾಗಿ ಮೈಸೂರಿನಲ್ಲಿ ಗೊತ್ತೇ ಆಗದ ದೋಷ ಇಲ್ಲಿ ಒಂದೇ ಗಂಟೆಯಲ್ಲಿ ಎದ್ದು ಕಾಣುತ್ತದೆ.

ಗ್ಯಾರೇಜಿನಲ್ಲಿ ಇದಕ್ಕೆ ಸಿಗುವ ಮೊದಲ ಉತ್ತರ ಬಹುತೇಕ ಒಂದೇ: "ಕ್ಲಚ್ ಪ್ಲೇಟ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು." ಇಳಿಸುತ್ತಾರೆ, ಸೆಟ್ ಬದಲಿಸುತ್ತಾರೆ, ದೊಡ್ಡ ಬಿಲ್ಲು ಬರುತ್ತದೆ. ಕೆಲವೊಮ್ಮೆ ಜರ್ಕ್ ಮಾತ್ರ ಇದ್ದಲ್ಲೇ ಇರುತ್ತದೆ. ಜರ್ಕಿಗೆ ಕಾರಣ ಕ್ಲಚ್ ಪ್ಲೇಟ್ ಒಂದೇ ಅಲ್ಲ. ಎಂಜಿನ್ ಮೌಂಟಿಂಗ್ (ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಆಸರೆ) ಇರಬಹುದು, ಗೇರ್ ಆಯಿಲ್ ಇರಬಹುದು, ಪೆಡಲ್ ಕೆಳಗೆ ಮಡಚಿಕೊಂಡ ಮ್ಯಾಟ್ ಇರಬಹುದು, ಓಡಿಸುವವರ ಎಡಗಾಲೂ ಇರಬಹುದು. ಇವನ್ನೆಲ್ಲ ಬೇರ್ಪಡಿಸಲು ದೊಡ್ಡ ಉಪಕರಣವೇನೂ ಬೇಡ. ಜರ್ಕ್ ಅಥವಾ ಸದ್ದು ಯಾವ ಕ್ಷಣದಲ್ಲಿ ಬರುತ್ತದೆ ಎಂದು ಸರಿಯಾಗಿ ಗಮನಿಸಿದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು. ಲಿವರ್ ಗೇರಿನೊಳಗೆ ಹೋಗುವಾಗಲೋ, ಕ್ಲಚ್ ಪೆಡಲ್ ಮೇಲೇಳುತ್ತಿರುವಾಗಲೋ, ಪೆಡಲ್ ಪೂರ್ತಿ ಬಿಟ್ಟಾದ ಮೇಲೋ, ಇಲ್ಲಾ ಸ್ವಲ್ಪ ದೂರ ಇಳಿದ ಮೇಲೋ? ಒಂದೊಂದು ಕ್ಷಣಕ್ಕೂ ಒಂದೊಂದು ಕಾರಣ ಇದೆ.

ಶುರು ಮಾಡುವ ಮುನ್ನ ಒಂದು ನಿಮಿಷ ಬಗ್ಗಿ ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ಎಲ್ಲರೂ ಕಾರಿಗೆ ದಪ್ಪ ರಬ್ಬರ್ ಮ್ಯಾಟ್ ಹಾಕುತ್ತಾರೆ, ಕೆಲವರು ಹಳೆಯದರ ಮೇಲೆಯೇ ಇನ್ನೊಂದು ಹಾಸುತ್ತಾರೆ. ಮ್ಯಾಟ್ ಮುಂದೆ ಜಾರಿ ಕ್ಲಚ್ ಪೆಡಲ್ ಕೆಳಗೆ ಸೇರಿಕೊಂಡರೆ ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ. ಪೆಡಲ್ ಪೂರ್ತಿ ಹೋಗದಿದ್ದರೆ ಕ್ಲಚ್ ಪೂರ್ತಿ ಬಿಡುವುದಿಲ್ಲ (ಎಂದರೆ ಎಂಜಿನ್ನಿನಿಂದ ಗೇರ್ ಬಾಕ್ಸ್ ಬೇರೆಯಾಗುವುದಿಲ್ಲ), ಗೇರ್ ಕರ್ರ್ ಎನ್ನುತ್ತದೆ. ಎರಡನೆಯದು ಗಂಬೂಟು. ತೋಟದಿಂದ ನೇರ ಬಂದು ಕೆಸರು ಮೆತ್ತಿದ ಗಂಬೂಟಿನಲ್ಲೇ ಕಾರು ಹತ್ತಿದರೆ ಪೆಡಲಿನ ಅಂದಾಜು ಪಾದಕ್ಕೆ ಸಿಗುವುದಿಲ್ಲ, ತೇವಕ್ಕೆ ಅಡಿ ಜಾರುತ್ತದೆ, ಕ್ಲಚ್ ಪಟ್ ಎಂದು ಬಿಟ್ಟುಹೋಗುತ್ತದೆ. ತೆಳು ಅಡಿಯ ಚಪ್ಪಲಿ ಅಥವಾ ಬೂಟು ಹಾಕಿ ಒಂದು ಸುತ್ತು ಓಡಿಸಿ ನೋಡಿದ ಮೇಲೆಯೇ ಮುಂದಿನ ಮಾತು.

ಕಾಲೋ ಕಾರೋ: ಸಮತಟ್ಟಿನಲ್ಲಿ ನೋಡಬೇಕು

ಘಾಟಿಯಲ್ಲಿ ಇದನ್ನು ಪರೀಕ್ಷಿಸಲು ಹೋಗಬೇಡಿ. ಅಲ್ಲಿ ಇಳಿಜಾರು, ತಿರುವು, ಹಿಂದಿನ ಬಸ್ಸಿನ ಹಾರನ್ ಎಲ್ಲ ಸೇರಿ ಯಾವುದು ಯಾವುದರಿಂದ ಎಂದು ತಿಳಿಯುವುದಿಲ್ಲ. ಕುಶಾಲನಗರದ ಸುತ್ತ ಸಮತಟ್ಟು, ನೇರ ರಸ್ತೆಗಳಿವೆ. ಬೆಳಿಗ್ಗೆ ಬೇಗ, ಹಿಂದೆ ಮುಂದೆ ಗಾಡಿ ಇಲ್ಲದಾಗ ಹೋಗಿ.

ಏನನ್ನು ನೋಡುತ್ತಿದ್ದೇವೆ ಎಂಬುದು ಮೊದಲು ಗೊತ್ತಿರಬೇಕು. ಸಾಮಾನ್ಯ ಐದು ಗೇರಿನ ಸಣ್ಣ ಪೆಟ್ರೋಲ್ ಕಾರಿನಲ್ಲಿ ಒಂದನೇ ಗೇರಿನ ಅನುಪಾತ ಸುಮಾರು 3.5, ಎರಡನೆಯದು 1.9, ಮೂರನೆಯದು 1.28ರ ಆಸುಪಾಸು ಇರುತ್ತದೆ. ಇಂಥ ಕಾರು ಮೂರನೇ ಗೇರಿನಲ್ಲಿ 35 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ ಎಂಜಿನ್ ನಿಮಿಷಕ್ಕೆ ಸುಮಾರು 1,600 ಸುತ್ತು, ಅಂದರೆ 1,600 ಆರ್‌ಪಿಎಂನಲ್ಲಿ ತಿರುಗುತ್ತಿರುತ್ತದೆ. ಅದೇ ವೇಗದಲ್ಲಿ ಎರಡಕ್ಕೆ ಹಾಕಿದರೆ 2,400 ಬೇಕು. ಒಂದಕ್ಕೆ ಹಾಕಿದರೆ 4,500ರ ಹತ್ತಿರ ಬೇಕು! ಈಗ ಕ್ಲಚ್ ಒತ್ತಿ ನಿಧಾನಕ್ಕೆ ಲಿವರ್ ಎಳೆಯುತ್ತ ಕೂತರೆ, ಆ ಹೊತ್ತಿನಲ್ಲಿ ಎಂಜಿನ್ 1,600ರಿಂದಲೂ ಇಳಿದು 900ಕ್ಕೆ ಬಂದಿರುತ್ತದೆ. ಆಮೇಲೆ ಕ್ಲಚ್ ಬಿಟ್ಟ ಕ್ಷಣ, 900ರಲ್ಲಿರುವ ಎಂಜಿನ್ನನ್ನು 2,400ಕ್ಕೆ ಎತ್ತುವ ಕೆಲಸ ಚಕ್ರಗಳ ತಲೆಗೆ ಬೀಳುತ್ತದೆ. ಆ ಶಕ್ತಿ ಬರುವುದು ಕಾರಿನ ಓಟದಿಂದ. ಅದೇ ಮುಗ್ಗರಿಸುವುದು.

ಇದಕ್ಕೆ ಮದ್ದು ಹಳೆ ಲಾರಿ ಚಾಲಕರಿಗೆಲ್ಲ ಗೊತ್ತು: ಕ್ಲಚ್ ಬಿಡುವ ಮುನ್ನ ಚೂರು ರೇಸ್ ಕೊಡುವುದು. ಕ್ಲಚ್ ಒತ್ತಿ, ಎರಡಕ್ಕೆ ಹಾಕಿ, ಕ್ಲಚ್ ಬಿಡುವ ಮೊದಲು ಬಲಗಾಲಿನಿಂದ ಎಕ್ಸಲೇಟರನ್ನು ಒಮ್ಮೆ ಮೆಲ್ಲಗೆ ತಟ್ಟಿ. ಮುಳ್ಳು 2,400–2,500ರ ಹತ್ತಿರ ಏರಿದಾಗ ಕ್ಲಚ್ ಬಿಡಿ. ಲೆಕ್ಕ ಕೂಡಿಬಂದರೆ ಗೇರ್ ಬಿದ್ದದ್ದು ಕಿವಿಗೆ ಮಾತ್ರ ಗೊತ್ತಾಗುತ್ತದೆ, ಮೈಗೆ ಗೊತ್ತಾಗುವುದಿಲ್ಲ. ಕಾರು ಮೂತಿ ಕುಕ್ಕಿದರೆ ರೇಸ್ ಕಡಿಮೆಯಾಯಿತು, ಅಥವಾ ಕೊಟ್ಟ ಮೇಲೆ ಕ್ಲಚ್ ಬಿಡಲು ತಡವಾಯಿತು. ಮುಂದಕ್ಕೆ ನೆಗೆದರೆ ಹೆಚ್ಚಾಯಿತು. ಜರ್ಕ್ ಯಾವ ದಿಕ್ಕಿಗೆ ಎಂಬುದನ್ನೇ ಬಹಳ ಜನ ನೋಡುವುದಿಲ್ಲ, ಆದರೆ ಇದಕ್ಕಿಂತ ನೇರವಾದ ಸುಳಿವು ಇನ್ನೊಂದಿಲ್ಲ.

ಹತ್ತಾರು ಸಲ ಹೀಗೆ ಮಾಡಿ ನೋಡಿ. ರೇಸ್ ಹೊಂದಿದಾಗಲೆಲ್ಲ ಜರ್ಕ್ ಮಾಯವಾಗಿ, ತಪ್ಪಿದಾಗ ಮಾತ್ರ ಬಂದರೆ ಕಾರಿನಲ್ಲಿ ದೋಷವಿಲ್ಲ, ಗ್ಯಾರೇಜಿಗೆ ಹೋಗುವ ಅಗತ್ಯವೂ ಇಲ್ಲ. ರೇಸ್ ಸರಿಯಾಗಿ ಹೊಂದಿಸಿದರೂ ಸದ್ದೋ ನಡುಕವೋ ಪೆಟ್ಟೋ ಉಳಿದರೆ ಮಾತ್ರ ಮುಂದೆ ಓದಿ.

ಒಂದು ಮಾತು. ಬ್ರೇಕ್ ಒತ್ತಿಕೊಂಡೇ ಅದೇ ಪಾದದ ಹಿಮ್ಮಡಿಯಲ್ಲಿ ರೇಸ್ ಕೊಡುವ ವಿದ್ಯೆಯನ್ನು ರ‍್ಯಾಲಿಯವರು ಮಾಡುತ್ತಾರೆ. ನಮ್ಮ ರ‍್ಯಾಲಿಪ್ರಿಯ ಜಿಲ್ಲೆಯಲ್ಲಿ ಹುಡುಗರಿಗೆ ಅದರ ಮೇಲೆ ಒಂದು ಕಣ್ಣು ಇದ್ದೇ ಇರುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಅದು ಬೇಡ ಎಂಬುದೇ ನನ್ನ ಅಭಿಪ್ರಾಯ. ಈಚಿನ ಬಹಳ ಕಾರುಗಳಲ್ಲಿ ಬ್ರೇಕ್ ಮತ್ತು ಎಕ್ಸಲೇಟರ್ ಒಟ್ಟಿಗೆ ಒತ್ತಿದರೆ ಕಂಪ್ಯೂಟರೇ ಎಕ್ಸಲೇಟರನ್ನು ಕಡಿದುಹಾಕುತ್ತದೆ. ಅಂಥ ಕಾರಿನಲ್ಲಿ ರೇಸ್ ಏರುತ್ತಿಲ್ಲ ಎಂದು ಮೆಕ್ಯಾನಿಕ್ ಹತ್ತಿರ ಹೋದರೆ ಅವರಿಗೂ ಏನೂ ಸಿಗುವುದಿಲ್ಲ.

ಲಿವರ್ ಹೋಗುವಾಗಲೇ ಕರ್ರ್ ಎಂದರೆ

ಸದ್ದು ಕ್ಲಚ್ ಒತ್ತಿರುವಾಗಲೇ, ಲಿವರ್ ಗೇರಿಗೆ ಬೀಳುವ ಹೊತ್ತಿಗೆ ಬಂದರೆ ಕಾರಣ ಎರಡೇ. ಒಂದು, ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಇನ್ನೊಂದು, ಗೇರ್ ಬಾಕ್ಸಿನೊಳಗಿನ ಸಿಂಕ್ರೊನೈಜರ್ ರಿಂಗ್ (ಗೇರ್ ಸೇರುವ ಮುನ್ನ ವೇಗ ಹೊಂದಿಸುವ ಉಂಗುರ) ಸವೆದಿದೆ. ಒಂದು ಹೊರಗಿನಿಂದಲೇ ಸರಿಯಾಗಬಹುದಾದ ಕೆಲಸ, ಇನ್ನೊಂದು ಗೇರ್ ಬಾಕ್ಸ್ ಬಿಚ್ಚುವ ಕೆಲಸ. ಹಾಗಾಗಿ ಇವೆರಡನ್ನೂ ಬೇರೆ ಮಾಡಿಯೇ ಗ್ಯಾರೇಜಿಗೆ ಹೋಗಬೇಕು. ಮನೆ ಅಂಗಳದಲ್ಲೇ ಆಗುತ್ತದೆ.

ಕಾರನ್ನು ಸಮತಟ್ಟಿನಲ್ಲಿ ನಿಲ್ಲಿಸಿ, ಎಂಜಿನ್ ಬಿಸಿಯಾಗಿ ಐಡಲಿಂಗ್‌ನಲ್ಲಿ ಇರಲಿ. ಕ್ಲಚ್ ಪೂರ್ತಿ ಒತ್ತಿ ನಾಲ್ಕೈದು ಸೆಕೆಂಡ್ ಕಾಯಿರಿ. ಆಮೇಲೆ ರಿವರ್ಸ್ ಹಾಕಿ. ಬಹಳಷ್ಟು ಕಾರುಗಳಲ್ಲಿ ರಿವರ್ಸ್ ಗೇರಿಗೆ ಸಿಂಕ್ರೊನೈಜರ್ ಇರುವುದಿಲ್ಲ. ಕ್ಲಚ್ ಸರಿಯಾಗಿ ಬಿಟ್ಟಿದ್ದರೆ ಆ ನಾಲ್ಕೈದು ಸೆಕೆಂಡಿನಲ್ಲಿ ಒಳಗಿನ ಶಾಫ್ಟ್ ನಿಂತುಹೋಗಿ ರಿವರ್ಸ್ ಸದ್ದಿಲ್ಲದೆ ಬೀಳಬೇಕು. ಅಷ್ಟು ಕಾದರೂ ಕರ್ರ್ ಎಂದರೆ ಪ್ಲೇಟ್ ಇನ್ನೂ ಎಳೆಯುತ್ತಿದೆ ಎಂದೇ ಅರ್ಥ.

ಈಗ ಕ್ಲಚ್ಚನ್ನು ಎರಡು ಮೂರು ಸಲ ಬೇಗ ಬೇಗ ಪಂಪ್ ಮಾಡಿ ಮತ್ತೆ ರಿವರ್ಸ್ ಹಾಕಿ ನೋಡಿ. ಪಂಪ್ ಮಾಡಿದಾಗ ಸಲೀಸಾಗಿ ಬಿದ್ದರೆ ಆಯಿಲ್‌ನಿಂದ ಕೆಲಸ ಮಾಡುವ ಕ್ಲಚ್ಚಿನಲ್ಲಿ ಗಾಳಿ ಸೇರಿದೆ, ಅಥವಾ ಸಿಲಿಂಡರ್ ಸೋರುತ್ತಿದೆ. ಗೇರ್ ಬಾಕ್ಸ್ ಪಕ್ಕದಲ್ಲೇ ಸ್ಲೇವ್ ಸಿಲಿಂಡರ್ (ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ ಸಣ್ಣ ಸಿಲಿಂಡರ್) ಕಾಣುವ ಕಾರಾದರೆ ಅದರ ರಬ್ಬರ್ ತುದಿ ಒದ್ದೆಯಾಗಿದೆಯೇ ಎಂದು ಬೆರಳಿಟ್ಟು ನೋಡಿ. ಅನೇಕ ಕಾರುಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಆಯಿಲ್ ಡಬ್ಬಿ ಇರುತ್ತದೆ. ಅದರಲ್ಲಿ ಮಟ್ಟ ಇಳಿಯುತ್ತಿದ್ದರೆ ನಾಳೆ ನೋಡೋಣ ಎನ್ನಬೇಡಿ. ಕೇಬಲ್ ಕ್ಲಚ್ ಇರುವ ಹಳೆ ಸಣ್ಣ ಕಾರುಗಳಲ್ಲಿ ಪಂಪ್ ಮಾಡಿದರೂ ವ್ಯತ್ಯಾಸ ಆಗದು. ಅಲ್ಲಿ ಕೇಬಲ್ ಅಡ್ಜಸ್ಟ್‌ಮೆಂಟ್ ನೋಡಬೇಕು, ಹತ್ತು ನಿಮಿಷದ ಕೆಲಸ.

ನಮ್ಮ ಮಳೆಗಾಲಕ್ಕೇ ಸೇರಿದ ಒಂದು ದೋಷವೂ ಇದೆ. ಜೂನ್ ಜುಲೈನಲ್ಲಿ ಕಾರನ್ನು ವಾರಗಟ್ಟಲೆ ಶೆಡ್ಡಿನಲ್ಲೇ ಬಿಟ್ಟರೆ ತೇವಕ್ಕೆ ಫ್ಲೈವೀಲ್ (ಎಂಜಿನ್ನಿನ ಜೊತೆ ತಿರುಗುವ, ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಚಕ್ರ) ಮೇಲೆ ತುಕ್ಕು ಹಿಡಿದು ಕ್ಲಚ್ ಪ್ಲೇಟ್ ಅದಕ್ಕೇ ಅಂಟಿಕೊಳ್ಳುತ್ತದೆ. ಪೆಡಲ್ ಹೋಗುತ್ತದೆ, ಆದರೆ ಯಾವ ಗೇರೂ ಬೀಳುವುದಿಲ್ಲ. ನಿಲ್ಲಿಸುವವರೆಗೆ ಸರಿಯಿದ್ದ ಕಾರು ಬಿಟ್ಟಿದ್ದಲ್ಲೇ ಹೀಗಾದರೆ ಇದೇ ಇರಬಹುದು. ಬಿಡಿಸುವುದು ಅನುಭವಸ್ಥರ ಕೆಲಸ, ಶೆಡ್ಡಿನ ಗೋಡೆಗೆ ಮುಖ ಮಾಡಿ ನಿಂತ ಕಾರಿನಲ್ಲಿ ಬಲಪ್ರಯೋಗ ಬೇಡ. ವಾರಕ್ಕೊಮ್ಮೆ ಗೇಟಿನವರೆಗಾದರೂ ಓಡಿಸುತ್ತಿದ್ದರೆ ಈ ತೊಂದರೆ ಬರುವುದು ಅಪರೂಪ.

ರಿವರ್ಸ್ ಸದ್ದಿಲ್ಲದೆ ಬೀಳುತ್ತದೆ, ಆದರೆ ಓಡುವಾಗ ಎರಡಕ್ಕೆ ಇಳಿಸಿದರೆ ಮಾತ್ರ ಕರ್ರ್ ಎನ್ನುತ್ತದೆ ಎಂದಾದರೆ ಕ್ಲಚ್ಚನ್ನು ಬಿಟ್ಟು ಸಿಂಕ್ರೊನೈಜರ್ ಮೇಲೆ ಅನುಮಾನ ಪಡಿ. ಇದು ಹಿತ್ತಾಳೆಯಂಥ ಲೋಹದ ಉಂಗುರ. ಗೇರ್ ಸೇರುವ ಮುನ್ನ ಉಜ್ಜಿ ಎರಡೂ ಕಡೆಯ ವೇಗವನ್ನು ಸಮ ಮಾಡುವುದು ಅದರ ಕೆಲಸ. ಖಚಿತಪಡಿಸಿಕೊಳ್ಳಲು ಡಬಲ್ ಕ್ಲಚ್ ಮಾಡಿ ನೋಡಿ: ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ, ನ್ಯೂಟ್ರಲ್‌ನಲ್ಲೇ ಚೂರು ರೇಸ್ ಕೊಡಿ, ಮತ್ತೆ ಕ್ಲಚ್ ಒತ್ತಿ ಎರಡಕ್ಕೆ ಹಾಕಿ. ಇಲ್ಲಿ ಉಂಗುರದ ಕೆಲಸವನ್ನು ನಿಮ್ಮ ರೇಸೇ ಮಾಡಿಕೊಡುತ್ತದೆ. ಮಾಮೂಲಿಯಾಗಿ ಹಾಕಿದರೆ ಸದ್ದು, ಡಬಲ್ ಕ್ಲಚ್ ಮಾಡಿದರೆ ಸದ್ದಿಲ್ಲ ಎಂದರೆ ಸವೆದಿರುವುದು ಆ ಗೇರಿನ ಉಂಗುರವೇ. ಘಾಟಿ ಸೀಮೆಯಲ್ಲಿ ಹೆಚ್ಚು ದುಡಿಯುವುದು ಎರಡನೇ ಗೇರ್, ಮೊದಲು ಸೋಲುವುದೂ ಸಾಮಾನ್ಯವಾಗಿ ಅದರ ಉಂಗುರವೇ.

ಉಂಗುರ ಬದಲಿಸಲು ಒಪ್ಪುವ ಮುನ್ನ ಗೇರ್ ಆಯಿಲ್ ಯಾವುದು ಹಾಕಿದ್ದಾರೆ ಎಂದು ಕೇಳಿ. ಕಾರಿನ ಕೈಪಿಡಿ ಜಿಎಲ್-4 ದರ್ಜೆಯ ಆಯಿಲ್ ಹೇಳಿದ್ದರೆ ಜಿಎಲ್-4ನ್ನೇ ಹಾಕಬೇಕು. ಅಂಗಡಿಯಲ್ಲಿ "ಇದು ಇನ್ನೂ ಒಳ್ಳೆಯದು ಸಾರ್" ಎಂದು ಜಿಎಲ್-5 ಕೊಡುವುದುಂಟು. ಅದು ಹೆಚ್ಚು ಜಾರುವುದರಿಂದ ಉಂಗುರಕ್ಕೆ ಉಜ್ಜಲು ಹಿಡಿತ ಸಿಗದೆ ಹೋಗಬಹುದು, ಅದರಲ್ಲಿರುವ ಗಂಧಕದ ರಾಸಾಯನಿಕಗಳು ಹಿತ್ತಾಳೆಯನ್ನು ತಿನ್ನಲೂಬಹುದು. ಇನ್ನು ಡಿಸೆಂಬರ್ ಜನವರಿಯ ಬೆಳಿಗ್ಗೆ ಮೊದಲ ಎರಡು ಮೂರು ಕಿಲೋಮೀಟರ್ ಎರಡನೇ ಗೇರ್ ಬಿಗಿಯಾಗಿದ್ದು ಆಮೇಲೆ ಸಡಿಲವಾದರೆ ಅದು ದೋಷವಲ್ಲ. ಆಯಿಲ್ ಚಳಿಗೆ ಗಟ್ಟಿಯಾಗಿರುತ್ತದೆ, ಅಷ್ಟೇ.

ಕ್ಲಚ್ ಮೇಲೇಳುವಾಗ ನಡುಕ

ಗೇರ್ ಸಲೀಸಾಗಿ ಬಿತ್ತು, ಆದರೆ ಪೆಡಲ್ ಅರ್ಧ ಮೇಲೆ ಬರುವ ಹೊತ್ತಿಗೆ ಇಡೀ ಕಾರು ದಡದಡ ನಡುಗಿತು. ಇದು ಕ್ಲಚ್ ಪ್ಲೇಟಿಗೆ ಆಯಿಲ್ ತಾಗಿರುವ, ಫ್ಲೈವೀಲ್ ಕಾದು ಮೈಯಲ್ಲಿ ನೀಲಿ ಕಲೆ ಬಿದ್ದಿರುವ, ಇಲ್ಲವೇ ಎಂಜಿನ್ ಮೌಂಟಿಂಗ್ ಹರಿದಿರುವ ಲಕ್ಷಣ. ನಿಂತಲ್ಲಿಂದ ಒಂದನೇ ಗೇರಿನಲ್ಲಿ ಹೊರಡುವಾಗಲೂ, ರಿವರ್ಸಿನಲ್ಲೂ ಇದೇ ನಡುಕ ಇದ್ದರೆ ಪ್ಲೇಟಿನ ಕಡೆಗೇ ಬೊಟ್ಟು. ಮಳೆಗಾಲದ ಬೆಳಿಗ್ಗೆ ಮೊದಲ ಒಂದೆರಡು ಸಲ ಮಾತ್ರ ನಡುಗಿ ಆಮೇಲೆ ಸರಿಹೋದರೆ ತೇವ ಮಾತ್ರ, ದುಡ್ಡು ಖರ್ಚು ಮಾಡಬೇಡಿ.

ಮೌಂಟಿಂಗ್ ನೋಡಲು ಇಬ್ಬರು ಬೇಕು. ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಟ್ಟು, ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿಕೊಂಡು ಒಂದನೇ ಗೇರಿನಲ್ಲಿ ಕ್ಲಚ್ಚನ್ನು ಹಿಡಿಯುವ ಹಂತಕ್ಕೆ ತಂದು ಮತ್ತೆ ಒತ್ತಬೇಕು. ಆಮೇಲೆ ರಿವರ್ಸಿನಲ್ಲಿ ಹಾಗೆಯೇ. ಇನ್ನೊಬ್ಬರು ಪಕ್ಕದಲ್ಲಿ ನಿಂತು ಎಂಜಿನ್ ಎಷ್ಟು ಹೊರಳುತ್ತದೆ ಎಂದು ನೋಡಬೇಕು. ಕಾರಿನ ಮುಂದೆ ನಿಲ್ಲಲೇಬೇಡಿ. ಒಂದು ಬೆರಳಿನಷ್ಟು ಅಲುಗುವುದು ಸಹಜ. ಎಂಜಿನ್ ಎದ್ದು ಬಿದ್ದಂತೆ ಹೊರಳಿ ಠಕ್ ಎಂದರೆ ಮೌಂಟಿಂಗಿನ ರಬ್ಬರ್ ಹೋಗಿದೆ. ತೋಟದ ರಸ್ತೆಯ ಕಲ್ಲು ಗುಂಡಿಗಳಲ್ಲಿ ದಿನಾ ಓಡುವ ಕಾರಿಗೆ ಇದು ಬಹಳ ಬೇಗ ಬರುತ್ತದೆ. ಕ್ಲಚ್ ಸೆಟ್ಟಿಗಿಂತ ಎಷ್ಟೋ ಅಗ್ಗದ ಸಾಮಾನು ಇದು. ಇದನ್ನು ನೋಡದೆ ಗೇರ್ ಬಾಕ್ಸ್ ಇಳಿಸಲು ಒಪ್ಪಬೇಡಿ.

ಪೂರ್ತಿ ಬಿಟ್ಟಾದ ಮೇಲೆ ಠಕ್

ಕ್ಲಚ್ ಬಿಟ್ಟಾಗಿದೆ, ಗಾಡಿ ಎಂಜಿನ್ ಹಿಡಿತದಲ್ಲಿ ಇಳಿಯುತ್ತಿದೆ, ಮತ್ತೆ ಎಕ್ಸಲೇಟರ್ ಮುಟ್ಟಿದ ಕೂಡಲೇ ಕೆಳಗೆಲ್ಲೋ ಠಕ್ ಎನ್ನುತ್ತದೆ. ಕ್ಲಚ್ಚಿಗೂ ಇದಕ್ಕೂ ಸಂಬಂಧ ಕಡಿಮೆ. ಮುಂದಿನ ಚಕ್ರ ಓಡಿಸುವ ಕಾರಾದರೆ ಮೌಂಟಿಂಗ್ ಅಥವಾ ಆ್ಯಕ್ಸಲ್ ಜಾಯಿಂಟ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನ ಓಡಿಸಿದಾಗ ಕಟಕಟ ಸದ್ದು ಬಂದರೆ ಜಾಯಿಂಟೇ. ಜೀಪು, ಬೊಲೆರೊ, ಓಮ್ನಿಗಳಲ್ಲಿ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಕೀಲು) ನೋಡಿಸಿ.

ಇಳಿಸಿದರೂ ಗಾಡಿ ಹಿಡಿಯದಿದ್ದರೆ

ಜರ್ಕ್ ಇಲ್ಲ, ಸದ್ದಿಲ್ಲ, ಬೆಣ್ಣೆಯಂತೆ ಗೇರ್ ಬೀಳುತ್ತದೆ, ಆದರೆ ಕಾರು ನಿಧಾನ ಆಗುವುದೇ ಇಲ್ಲ. ಖುಷಿಪಡುವ ವಿಷಯ ಅಲ್ಲ, ಮೂರು ಕಾರಣಗಳಲ್ಲಿ ಯಾವುದೇ ಆದರೂ ಘಾಟಿಯಲ್ಲಿ ಅಪಾಯ.

ಮೊದಲನೆಯದು ಕ್ಲಚ್ ಸ್ಲಿಪ್. ಎರಡಕ್ಕೆ ಇಳಿಸಿ ಪೆಡಲ್ ಪೂರ್ತಿ ಬಿಟ್ಟ ಮೇಲೂ ಆರ್‌ಪಿಎಂ ಮುಳ್ಳು ಮೇಲೇಳದೆ ತಡವಾಗಿ ತೆವಳಿದರೆ ಪ್ಲೇಟ್ ಜಾರುತ್ತಿದೆ. ಏರಿನಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ: ಎಕ್ಸಲೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರು ಮಾತ್ರ ಅಷ್ಟಕ್ಕಷ್ಟೆ, ಸುಟ್ಟ ವಾಸನೆ ಬೇರೆ. ಇಲ್ಲಿ ಗ್ಯಾರೇಜಿನವರ ಮೊದಲ ಉತ್ತರವೇ ಸರಿ, ಸೆಟ್ ಬದಲಿಸಬೇಕು. ರಜಾದಿನ ರಾಜಾಸೀಟ್ ರಸ್ತೆಯ ಸಾಲಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಹಾಫ್ ಕ್ಲಚ್ಚಿನಲ್ಲೇ ಏರು ಹಿಡಿದು ನಿಲ್ಲುವವರು ಈ ಹಂತಕ್ಕೆ ಬೇಗ ಮುಟ್ಟುತ್ತಾರೆ.

ಎರಡನೆಯದು ಗೇರ್ ತಪ್ಪಿ ಬೀಳುವುದು. ಮೂರು ಮೇಲೆ ನಡುವೆ, ಎರಡು ಕೆಳಗೆ ಎಡಕ್ಕೆ. ಮೂರರಿಂದ ಇಳಿಸುವಾಗ ಲಿವರನ್ನು ಎಡಕ್ಕೆ ಒತ್ತಿ ಎಳೆಯದಿದ್ದರೆ ಅದು ನೇರ ನಾಲ್ಕಕ್ಕೆ ಹೋಗುತ್ತದೆ. ಎರಡು ಎಂದುಕೊಂಡು ನಾಲ್ಕರಲ್ಲಿ ತಿರುವಿಗೆ ಇಳಿದರೆ ಎಂಜಿನ್ ಏನೂ ಹಿಡಿಯದು. ಇದರ ತಿರುಗುಮುರುಗು ಇನ್ನೂ ಕೆಟ್ಟದ್ದು. 80 ಕಿ.ಮೀ. ವೇಗದಲ್ಲಿ ಐದರಿಂದ ನಾಲ್ಕಕ್ಕೆ ಎಳೆಯುವಾಗ ಕೈ ಎಡಕ್ಕೆ ಹೆಚ್ಚು ವಾಲಿ ಎರಡಕ್ಕೆ ಬಿದ್ದರೆ, 2,600ರ ಬದಲು ಎಂಜಿನ್ 5,500ಕ್ಕೆ ಹಾರುತ್ತದೆ. ವೇಗ ಇನ್ನೂ ಹೆಚ್ಚಿದ್ದರೆ ಕೆಂಪು ಗೆರೆ ದಾಟುತ್ತದೆ. ಆಗ ತಿರುಗಿಸುತ್ತಿರುವುದು ಚಕ್ರಗಳಾದ್ದರಿಂದ ಮಿತಿ ಮೀರಿದಾಗ ಪೆಟ್ರೋಲ್ ಕಡಿಯುವ ರಕ್ಷಣೆಯೂ ಉಪಯೋಗಕ್ಕೆ ಬಾರದು. ಲಿವರನ್ನು ಮುಷ್ಟಿಯಲ್ಲಿ ಹಿಡಿಯದೆ ಅಂಗೈಯಲ್ಲಿ ಸಡಿಲವಾಗಿ ಹಿಡಿದು ನೇರ ಎಳೆದರೆ ಒಳಗಿನ ಸ್ಪ್ರಿಂಗೇ ನಡುಸಾಲಿಗೆ ತರುತ್ತದೆ. ಹಿಡಿತ ಸರಿಯಿದ್ದೂ ಪದೇ ಪದೇ ತಪ್ಪಿದರೆ ಗೇರ್ ಕೇಬಲ್ಲಿನ ತುದಿಯ ಬುಷ್ ಸವೆದಿರುತ್ತದೆ. ನ್ಯೂಟ್ರಲ್‌ನಲ್ಲಿ ಲಿವರ್ ಗೊತ್ತುಗುರಿಯಿಲ್ಲದೆ ಆಡುತ್ತಿದ್ದರೆ ಅದೇ ಸಾಕ್ಷಿ.

ಮೂರನೆಯದು ಇಳಿಜಾರಿನಲ್ಲಿ ಎಕ್ಸಲೇಟರ್ ಬಿಟ್ಟಾಗ ಲಿವರ್ ತಾನಾಗಿ ನ್ಯೂಟ್ರಲ್‌ಗೆ ಹಾರುವುದು. ಗೇರಿನ ಹಲ್ಲಿನ ಅಂಚು ಸವೆದಿರಬಹುದು, ಗೇರನ್ನು ಸರಿಸುವ ಸೆಲೆಕ್ಟರ್ ಫೋರ್ಕ್ ಬಾಗಿರಬಹುದು, ಮೌಂಟಿಂಗ್ ಹರಿದು ಎಂಜಿನ್ ಹೊರಳುವಾಗ ಕೇಬಲ್ ಎಳೆಯುತ್ತಿರಬಹುದು. ಒಂದೇ ಒಂದು ಸಲ ಹೀಗಾದರೂ ಆ ಕಾರನ್ನು ಘಾಟಿಗೆ ಇಳಿಸಬೇಡಿ. ಲಿವರನ್ನು ಕೈಯಲ್ಲಿ ಹಿಡಿದುಕೊಂಡೇ ಸುಳ್ಯಕ್ಕೆ ಹೋಗಿ ಬರುವವರನ್ನು ನೋಡಿದ್ದೇನೆ. ಮುಂದೆ ಹಾಲಿನ ವ್ಯಾನೋ ಶಾಲೆಯ ಬಸ್ಸೋ ಇದ್ದರೆ ಏನು ಗತಿ ಎಂದು ಅವರಿಗೆ ಅನ್ನಿಸುವುದಿಲ್ಲವೋ ಏನೋ.

ಸಂಪಾಜೆ ಇಳಿಯುವ ಬಗೆ

ಕಾರು ಸರಿಯಿದೆ ಎಂದು ಗೊತ್ತಾದ ಮೇಲೂ ಘಾಟಿಯಲ್ಲಿ ಜರ್ಕ್ ಉಳಿಯುತ್ತಿದ್ದರೆ ಗೇರ್ ಇಳಿಸುವ ಜಾಗ ತಪ್ಪುತ್ತಿದೆ ಎಂದರ್ಥ. ಹೆಚ್ಚಿನವರು ತಿರುವಿನೊಳಗೆ ಹೊಕ್ಕ ಮೇಲೆ ವೇಗ ಜಾಸ್ತಿ ಎನ್ನಿಸಿ ಗಾಬರಿಯಲ್ಲಿ ಎರಡಕ್ಕೆ ಹಾಕಿ ಕ್ಲಚ್ ಬಿಡುತ್ತಾರೆ. ಒಣ ರಸ್ತೆಯಲ್ಲಿ ಮುಗ್ಗರಿಸುತ್ತದೆ, ಮುಗಿಯಿತು. ಆದರೆ ಮಳೆ ಹನಿಯುತ್ತಿರುವಾಗ, ರಸ್ತೆ ಮೇಲೆ ಪಾಚಿಯೋ ಸಿಲ್ವರ್ ಓಕ್ ಎಲೆಯೋ ಬಿದ್ದಿರುವಾಗ ಆ ಎಳೆತಕ್ಕೆ ಚಕ್ರವೇ ಜಾರುತ್ತದೆ. ಮುಂದಿನ ಚಕ್ರ ಓಡಿಸುವ ಕಾರಾದರೆ ಸ್ಟಿಯರಿಂಗ್ ತಿರುಗಿಸಿದರೂ ಮೂತಿ ನೇರ ಚರಂಡಿಯ ಕಡೆಗೆ. ಜೀಪು ಬೊಲೆರೊಗಳಾದರೆ ಹಿಂಭಾಗ ಹೊರಕ್ಕೆ ಬೀಸುತ್ತದೆ.

ತಾಳತ್ತಮನೆ ದಾಟಿ ಮದೆನಾಡಿನ ಕಡೆ ಇಳಿಯುತ್ತಿದ್ದೀರಿ ಎಂದುಕೊಳ್ಳಿ. ಮೂರನೇ ಗೇರ್, 40ರ ವೇಗ, ಮುಂದೆ ಹೇರ್‌ಪಿನ್ ತಿರುವು ಕಾಣುತ್ತಿದೆ. ತಿರುವು ಇನ್ನೂ ದೂರ ಇರುವಾಗಲೇ, ಸ್ಟಿಯರಿಂಗ್ ನೇರ ಇರುವಾಗ, ಬ್ರೇಕ್ ಒತ್ತಿ 25ಕ್ಕೆ ಇಳಿಸಿ. ಕ್ಲಚ್ ಒತ್ತಿ ಎರಡಕ್ಕೆ ಹಾಕಿ. 25ರ ವೇಗಕ್ಕೆ ಎರಡನೇ ಗೇರಿನಲ್ಲಿ ಸುಮಾರು 1,700 ಸಾಕು, ಹಾಗಾಗಿ ರೇಸ್ ಇಲ್ಲದೆಯೂ ನಡೆಯುತ್ತದೆ. ಕ್ಲಚ್ಚನ್ನು ಒಂದೇ ಸಲ ಬಿಡದೆ ಹಿಡಿಯುವ ಹಂತದಲ್ಲಿ ಒಂದು ಕ್ಷಣ ತಡೆದು ಬಿಡಿ, ಇಳಿಜಾರೇ ಎಂಜಿನ್ನನ್ನು ಮೇಲೆತ್ತಿಕೊಳ್ಳುತ್ತದೆ. ತಿರುವಿಗೆ ಹೊಗುವ ಹೊತ್ತಿಗೆ ಎಡಗಾಲು ಕ್ಲಚ್ ಮೇಲೆ ಇರಲೇಬಾರದು. ವೇಗ ಇಳಿಸಲು ಬ್ರೇಕ್, ಇಳಿದ ವೇಗವನ್ನು ಹಿಡಿದಿಡಲು ಗೇರ್. ಬ್ರೇಕ್ ಪ್ಯಾಡ್ ಅಗ್ಗ, ಕ್ಲಚ್ ದುಬಾರಿ, ಆದ್ದರಿಂದ ಕ್ಲಚ್ಚನ್ನು ಬ್ರೇಕಿನ ಹಾಗೆ ಬಳಸುವುದು ನಷ್ಟದ ವ್ಯಾಪಾರ.

ಹಾಗೆಂದು ಬ್ರೇಕ್ ಒಂದರಲ್ಲೇ ಇಳಿಯುತ್ತೇನೆ ಎಂದರೂ ಆಗದು. ಮಡಿಕೇರಿಯಿಂದ ಸಂಪಾಜೆಗೆ ಹತ್ತಿರ ಹತ್ತಿರ ಸಾವಿರ ಮೀಟರ್ ಇಳಿತ. ಒಂದು ಟನ್ ತೂಕದ ಕಾರು ಅಷ್ಟು ಇಳಿಯುವಾಗ ಹೊರಬರುವ ಶಕ್ತಿ ಸುಮಾರು 30 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಗಾಳಿಗೂ ರಸ್ತೆಗೂ ಹೋದದ್ದು ಬಿಟ್ಟು ಉಳಿದದ್ದನ್ನು ಎಂಜಿನ್ ತೆಗೆದುಕೊಳ್ಳದಿದ್ದರೆ ಎಲ್ಲವೂ ಬ್ರೇಕ್ ಡಿಸ್ಕಿಗೇ ಹೋಗಬೇಕು. ಡಾಟ್ 3 ಬ್ರೇಕ್ ಆಯಿಲ್‌ನ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ, ತೇವ ಹೀರಿದ ಮೇಲೆ 140. ಡಾಟ್ 4ಕ್ಕೆ 230 ಮತ್ತು 155. ನಮ್ಮ ಊರಿನ ಗಾಳಿಯ ತೇವದಲ್ಲಿ ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸದಿದ್ದರೆ ಕೊಯನಾಡಿಗೆ ಬರುವಷ್ಟರಲ್ಲಿ ಪೆಡಲ್ ಮೆತ್ತಗಾಗಬಹುದು. ಮೆತ್ತಗಾಯಿತೆಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ ಆರಲು ಬಿಡಬೇಕು, ನೀರು ಎರಚಬಾರದು.

ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವ ಅಭ್ಯಾಸಕ್ಕೆ ಈಗ ಅರ್ಥವೇ ಇಲ್ಲ. ಇಂಜೆಕ್ಷನ್ ಇರುವ ಕಾರು ಗೇರಿನಲ್ಲಿದ್ದು ಎಕ್ಸಲೇಟರ್ ಬಿಟ್ಟಾಗ ಇಂಧನವನ್ನೇ ಕಡಿದುಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಐಡಲಿಂಗಿಗೆ ಕುಡಿಯುತ್ತಲೇ ಇರುತ್ತದೆ. ಎಂಜಿನ್ ಆಫ್ ಮಾಡಿ ಇಳಿಯುವವರಿಗೆ ಎರಡು ಮೂರು ಸಲ ಒತ್ತಿದ ಮೇಲೆ ಬ್ರೇಕನ್ನು ಹಗುರ ಮಾಡುವ ಬೂಸ್ಟರ್ ಕೈಕೊಡುತ್ತದೆ, ಪವರ್ ಸ್ಟಿಯರಿಂಗೂ ಕಲ್ಲಾಗುತ್ತದೆ.

ಏರಿನ ಕಥೆ ಬೇರೆ. ಮಾಕುಟ್ಟದಿಂದ ಪೆರುಂಬಾಡಿ ಕಡೆ ಲಾರಿಯ ಹಿಂದೆ ಏರುವಾಗ ಕ್ಲಚ್ ಒತ್ತಿದ ಅರೆಕ್ಷಣದಲ್ಲೇ ಕಾರು ವೇಗ ಕಳೆದುಕೊಳ್ಳುತ್ತದೆ. ಇಲ್ಲಿ ಎಕ್ಸಲೇಟರನ್ನು ಪೂರ್ತಿ ಬಿಡದೆ, ತುಸು ಒತ್ತಿಕೊಂಡೇ, ಬೇಗ ಗೇರ್ ಇಳಿಸಬೇಕು. ಮೂರನೇ ಗೇರಿನಲ್ಲೇ 1,200ಕ್ಕಿಂತ ಕೆಳಗೆ ಎಳೆದಾಡಿಸಿದರೆ ಕಾರು ಗದಗದ ನಡುಗುತ್ತದೆ. ಇದನ್ನೂ ಕ್ಲಚ್ ನಡುಕ ಎಂದೇ ಹಲವರು ತಿಳಿಯುತ್ತಾರೆ. ಎರಡಕ್ಕೆ ಹಾಕಿದ ಕೂಡಲೇ ನಿಂತರೆ ಅದು ಎಂಜಿನ್ನಿನ ಒದ್ದಾಟ, ಕ್ಲಚ್ಚಿನದಲ್ಲ. ಟರ್ಬೊ ಡೀಸೆಲ್‌ಗಳಿಗೆ ಇನ್ನೂ ಮೇಲೆ, 1,500–1,800ರ ಮೇಲೆ ಇಟ್ಟುಕೊಂಡರೇ ಎಳೆತ. ಓಡುತ್ತಿರುವಾಗ ಒಂದಕ್ಕೆ ಇಳಿಸಬೇಕಾದರೆ ನಡೆಯುವ ವೇಗಕ್ಕೆ ಬಂದ ಮೇಲೆಯೇ ಹಾಕಿ. ಅದಕ್ಕಿಂತ ಮೊದಲು ಹಾಕಿದರೆ ಲಿವರ್ ತಡೆಯುವುದು ಸಹಜ, ದೋಷವಲ್ಲ.

ಮೆಕ್ಯಾನಿಕ್‌ಗೆ ಹೇಳುವುದು

"ಕ್ಲಚ್ ನೋಡಿ" ಎಂದು ಕೀಲಿ ಕೊಟ್ಟು ಬರಬೇಡಿ. "ಅಣ್ಣ, ನಿಂತಾಗ ರಿವರ್ಸ್ ಸದ್ದಿಲ್ಲದೆ ಬೀಳ್ತದೆ, ಓಡುವಾಗ ಎರಡಕ್ಕೆ ಮಾತ್ರ ಕರ್ರ್ ಅಂತದೆ, ಡಬಲ್ ಕ್ಲಚ್ ಮಾಡಿದ್ರೆ ಇಲ್ಲ" ಎಂದು ಹೇಳಿ ನೋಡಿ. ಒಳ್ಳೆಯ ಮೆಕ್ಯಾನಿಕ್ ಆದರೆ ಅಲ್ಲೇ ಕ್ಲಚ್ ಮಾತು ಬಿಟ್ಟು ಗೇರ್ ಆಯಿಲ್ ಡ್ರೈನ್ ಮಾಡಿ ಹಿತ್ತಾಳೆಯ ಚೂರು ಹೊಳೆಯುತ್ತಿದೆಯೇ ಎಂದು ನೋಡುತ್ತಾರೆ. ಜೊತೆಗೆ ಕೂರಿಸಿಕೊಂಡು ಸ್ಟುವರ್ಟ್ ಹಿಲ್ ಕಡೆಗೋ ಹತ್ತಿರದ ಯಾವುದಾದರೂ ಏರಿಗೋ ಒಂದು ಸುತ್ತು ಹೋಗಿ ಬಂದರೆ ಇನ್ನೂ ಒಳ್ಳೆಯದು. ಓಡಿಸಿ ನೋಡದೆ ತೀರ್ಪು ಕೊಡುವ ಗ್ಯಾರೇಜನ್ನು ನಾನಂತೂ ನಂಬುವುದಿಲ್ಲ.

ಗೇರ್ ಬಾಕ್ಸ್ ಇಳಿಸಲೇಬೇಕು ಎಂದಾದರೆ ಕೂಲಿ ಒಂದೇ ಸಲ ಕೊಡುವ ಹಾಗೆ ನೋಡಿಕೊಳ್ಳಿ. ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಬದಲಾಗಲಿ. ಎಂಜಿನ್ ಹಿಂಬದಿಯ ಆಯಿಲ್ ಸೀಲ್ ಜಿನುಗುತ್ತಿದ್ದರೆ ಅದನ್ನೂ ಹಾಕಿಸಿ, ಇಲ್ಲದಿದ್ದರೆ ಹೊಸ ಪ್ಲೇಟಿಗೂ ಅದೇ ಆಯಿಲ್ ತಾಗುತ್ತದೆ. ಫ್ಲೈವೀಲ್ ಮೈ ನೋಡಿ ಎನ್ನಿ. ಹಳೆ ಸಾಮಾನನ್ನು ವಾಪಸ್ ಕೇಳಿ. ತೆಗೆದ ಪ್ಲೇಟಿನ ರಿವೆಟ್ ತಲೆಗಳು ಇನ್ನೂ ಆಳದಲ್ಲೇ ಇದ್ದು, ಮೈ ಒಣಗಿ ಸಮವಾಗಿದ್ದರೆ ಅದು ಸವೆದ ಪ್ಲೇಟ್ ಅಲ್ಲ, ಜರ್ಕ್ ಬೇರೆ ಎಲ್ಲಿಂದಲೋ ಬರುತ್ತಿತ್ತು. ಹೊಸ ಸೆಟ್ ಹಾಕಿದ ಮೇಲೆ ಮೊದಲ ಕೆಲವು ನೂರು ಕಿಲೋಮೀಟರ್ ಭಾರ ತುಂಬಿ ಘಾಟಿ ಏರಿಸಬೇಡಿ, ಪ್ಲೇಟಿನ ಮೈ ಫ್ಲೈವೀಲಿಗೆ ಕೂರಲು ಅಷ್ಟು ಓಟ ಬೇಕು. ಆ ದಿನಗಳಲ್ಲಿ ಪೆಡಲ್ ಹಿಡಿಯುವ ಎತ್ತರವೂ ಹಳೆಯದರಂತೆ ಇರುವುದಿಲ್ಲ, ಕಾಲಿಗೆ ಅದರ ಅಂದಾಜು ಸಿಗುವವರೆಗೆ ಒಂದಿಷ್ಟು ಮುಗ್ಗರಿಸಿದರೆ ಮತ್ತೆ ಗ್ಯಾರೇಜಿಗೆ ಓಡಬೇಕಾಗಿಲ್ಲ.